ವಿದ್ಯಾರ್ಥಿಗೆ ತಕ್ಕ ಲ್ಯಾಪ್‌ಟಾಪ್

ಪ್ರತಿ ವರ್ಷವೂ ದ್ವಿತೀಯ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶ ಹೊರಬಿದ್ದು ಪದವಿ ತರಗತಿಗಳಿಗೆ ಪ್ರವೇಶ ಆರಂಭವಾಗುವ ಹೊತ್ತಿಗೆ, ಅಧ್ಯಾಪಕರಾದವರನ್ನು ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ತಪ್ಪದೆ ಕೇಳುವ ಪ್ರಶ್ನೆಯೊಂದುಂಟು: "ಯಾವ ಲ್ಯಾಪ್‌ಟಾಪ್ ಕೊಳ್ಳುವುದು, ಸಾರ್?" ಒಂದಾನೊಂದು ಕಾಲಕ್ಕೆ ಇದು ದೊಡ್ಡ ನಗರಗಳ ಎಂಜಿನಿಯರಿಂಗ್ ಕಾಲೇಜುಗಳ ಪ್ರಶ್ನೆಯಾಗಿತ್ತು. ಈಗ ಹೊಸದುರ್ಗದಂತಹ ತಾಲ್ಲೂಕು ಕೇಂದ್ರದಲ್ಲಿಯೂ ಅದರ ಸುತ್ತಣ ಹಳ್ಳಿಗಳಲ್ಲಿಯೂ ಮನೆಮನೆಯ ಪ್ರಶ್ನೆಯಾಗಿದೆ. ಮಳೆಯನ್ನೂ ಕೊಳವೆಬಾವಿಯನ್ನೂ ನಂಬಿ ತೆಂಗು, ರಾಗಿ, ದಾಳಿಂಬೆ ಬೆಳೆಯುವ ಸಂಸಾರಕ್ಕೆ ೪೦ ಅಥವಾ ೫೦ ಸಾವಿರ ರೂಪಾಯಿಗಳೆಂದರೆ ಸಣ್ಣ ಮೊತ್ತವಲ್ಲ. ಎಷ್ಟೋ ಮನೆಗಳಲ್ಲಿ ಹೊಲ, ಮನೆ, ವಾಹನಗಳನ್ನು ಬಿಟ್ಟರೆ ಇದೇ ಅತಿ ದೊಡ್ಡ ಖರೀದಿ. ಇಷ್ಟು ಹಣವನ್ನು ವಿನಿಯೋಗಿಸುವಾಗ ನಾವು ಅನುಸರಿಸುತ್ತಿರುವ ಕ್ರಮ ಮಾತ್ರ ಸರಿಯಾದುದಲ್ಲವೆಂದು ನನ್ನ ಅಭಿಪ್ರಾಯ.

ಅಂಗಡಿಯಲ್ಲಿ ಮೊದಲು ಕೇಳುವುದು "ಬಜೆಟ್ ಎಷ್ಟು?" ಎಂದು. ಹಣವೆಷ್ಟಿದೆಯೆಂದು ತಿಳಿದೊಡನೆ ಆ ಹಣಕ್ಕೆ ದೊರೆಯುವ ಯಂತ್ರಗಳು ಮುಂದೆ ಬರುತ್ತವೆ; ಇನ್ನು ಐದು ಸಾವಿರ ಸೇರಿಸಿದರೆ ಇನ್ನೂ ಉತ್ತಮವಾದುದು ದೊರೆಯುವುದೆಂಬ ಮಾತೂ ಬರುತ್ತದೆ. ಆದರೆ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ನಾವು ಉಪಕರಣಗಳನ್ನು ಆರಿಸುವ ಕ್ರಮವೇ ಬೇರೆ. ಮೇಜಿನ ಉದ್ದವನ್ನು ಅಳೆಯಲು ಮಿಲಿಮೀಟರ್ ಗೆರೆಗಳಿರುವ ಅಳತೆಪಟ್ಟಿ ಸಾಕು. ಗೋಲಿಯ ವ್ಯಾಸಕ್ಕೆ ಮಿಲಿಮೀಟರಿನ ಹತ್ತರಲ್ಲೊಂದು ಅಂಶವನ್ನು ತೋರಿಸುವ ವರ್ನಿಯರ್ ಬೇಕು. ತಂತಿಯ ದಪ್ಪಕ್ಕೆ ನೂರರಲ್ಲೊಂದು ಅಂಶವನ್ನು ತೋರಿಸುವ ಸ್ಕ್ರೂಗೇಜ್ ಬೇಕು. ಸ್ಕ್ರೂಗೇಜ್ ಹೆಚ್ಚು ಸೂಕ್ಷ್ಮವಾದುದೆಂದು ಅದರಿಂದ ಮೇಜನ್ನು ಅಳೆಯಹೊರಟವನನ್ನು ಯಾರೂ ಜಾಣನೆನ್ನರು. ಯಾವ ಕೆಲಸ, ಎಷ್ಟು ಸೂಕ್ಷ್ಮತೆ ಎಂಬುದು ಮೊದಲು ನಿರ್ಧಾರವಾಗಬೇಕು, ಉಪಕರಣ ಆಮೇಲೆ. ಲ್ಯಾಪ್‌ಟಾಪಿಗೂ ಇದೇ ನಿಯಮ ಸಲ್ಲುತ್ತದೆ.

ಹಾಗಾದರೆ ಪದವಿ ವಿದ್ಯಾರ್ಥಿಯ ಕೆಲಸವಾದರೂ ಏನು? ಬಿ.ಎ. ವಿದ್ಯಾರ್ಥಿಗೆ ಓದುವುದು, ಪ್ರಬಂಧ ಬರೆಯುವುದು, ಅಂತರಜಾಲದಲ್ಲಿ ಹುಡುಕುವುದು. ಬಿ.ಕಾಂ. ವಿದ್ಯಾರ್ಥಿಗೆ ಇವುಗಳೊಡನೆ ಲೆಕ್ಕಪತ್ರದ ಕೋಷ್ಟಕಗಳು ಮತ್ತು ಬೆಂಗಳೂರಿನಲ್ಲಿಯೇ ಹುಟ್ಟಿ ಬೆಳೆದ ಟ್ಯಾಲಿ ತಂತ್ರಾಂಶ. ಬಿ.ಎಸ್‌ಸಿ. ವಿದ್ಯಾರ್ಥಿಗೆ ಪ್ರಯೋಗದ ಅಂಕಿಗಳಿಂದ ನಕ್ಷೆ ಬರೆಯುವುದು, ಪೈಥಾನ್ ಭಾಷೆಯಲ್ಲಿ ಸಣ್ಣಪುಟ್ಟ ಕ್ರಮವಿಧಿಗಳನ್ನು ರಚಿಸುವುದು. ಇವೆಲ್ಲವೂ ಸಾಧಾರಣ ಯಂತ್ರದಿಂದ ಸಲೀಸಾಗಿ ಸಾಗುವ ಕೆಲಸಗಳು. ಯಂತ್ರಭಾಗಗಳನ್ನೂ ಕಟ್ಟಡಗಳನ್ನೂ ಮೂರು ಆಯಾಮಗಳಲ್ಲಿ ಚಿತ್ರಿಸುವ ಎಂಜಿನಿಯರಿಂಗ್ ಮತ್ತು ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ, ಚಲನಚಿತ್ರ ಸಂಕಲನ ಕಲಿಯುವವರಿಗೆ ಮಾತ್ರ ಹೆಚ್ಚು ಬಲದ ಯಂತ್ರ ಬೇಕಾದೀತು. ಯಂತ್ರಕಲಿಕೆಯ ದೊಡ್ಡ ಲೆಕ್ಕಗಳನ್ನು ಕೂಡ ಗೂಗಲ್ ಕೊಲ್ಯಾಬ್‌ನಂತಹ ಸೌಲಭ್ಯದ ಮೂಲಕ ದೂರದ ಗಣಕಗಳಿಗೆ ಒಪ್ಪಿಸಿ, ಉತ್ತರವನ್ನಷ್ಟೇ ತರಿಸಿಕೊಳ್ಳಬಹುದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಕೆಲಸ ಇಷ್ಟು ಸಾಧಾರಣವಾದರೆ ಮೊಬೈಲೇ ಸಾಲದೆ? ಓದುವುದಕ್ಕೂ ಕೇಳುವುದಕ್ಕೂ ನೋಡುವುದಕ್ಕೂ ಸಾಕೆಂದು ಒಪ್ಪಬೇಕು. ಕರ್ನಾಟಕ ಸರ್ಕಾರವೇ ಈ ಎರಡು ಬಗೆಯ ಉಪಕರಣಗಳನ್ನೂ ಹಂಚಿ ನೋಡಿದೆ. ೨೦೨೦ರಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಒಂದು ಲಕ್ಷಕ್ಕೂ ಮಿಕ್ಕ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ನೀಡುವ ಕಾರ್ಯ ನಡೆಯಿತು. ೨೦೨೧ರಲ್ಲಿ, ಕೋವಿಡ್ ಪಿಡುಗಿನ ನಡುವೆ, ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಮಿಕ್ಕ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್‌ಗಳನ್ನು ಕೊಡಲಾಯಿತು. ಮುಚ್ಚಿದ ತರಗತಿಯ ಪಾಠ ಮನೆಯನ್ನು ಮುಟ್ಟಬೇಕಾಗಿದ್ದ ಆ ದಿನಗಳಿಗೆ ಟ್ಯಾಬ್ಲೆಟ್ ತಕ್ಕ ಉಪಕರಣವೇ ಆಗಿತ್ತು. ಆದರೆ ಇಪ್ಪತ್ತು ಪುಟಗಳ ಯೋಜನಾ ವರದಿಯನ್ನು ಕೋಷ್ಟಕ, ಸಮೀಕರಣ, ನಕ್ಷೆಗಳೊಡನೆ ಬೆರಳ ತುದಿಯಿಂದ ಗಾಜಿನ ಮೇಲೆ ಬರೆದು ನೋಡಿರಿ; ವ್ಯತ್ಯಾಸ ತಾನೇ ಗೊತ್ತಾಗುವುದು. ಅನ್ಯರು ಸಿದ್ಧಪಡಿಸಿದ್ದನ್ನು ಪಡೆಯಲು ಮೊಬೈಲು ಸಾಕು, ತಾನೇ ಏನನ್ನಾದರೂ ರಚಿಸಲು ಕೀಲಿಮಣೆ ಬೇಕು. ಕಾಲೇಜು ಶಿಕ್ಷಣದ ಗುರಿ ಎರಡನೆಯದಾದುದರಿಂದ ಲ್ಯಾಪ್‌ಟಾಪ್ ಉಪಯುಕ್ತವೆಂದು ನಾನು ಹೇಳುತ್ತೇನೆ.

ಇನ್ನು ಯಂತ್ರದ ಅಂಗಗಳ ವಿಚಾರ. ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಎದ್ದು ಕಾಣುವ ಹೆಸರು ಪ್ರೊಸೆಸರಿನದು. ನಮ್ಮ ಸೀಮೆಯ ರೈತರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು: ಕೊಳವೆಬಾವಿಯಲ್ಲಿ ಒಂದಿಂಚು ನೀರಿದ್ದರೆ, ಅದಕ್ಕೆ ಹತ್ತು ಅಶ್ವಶಕ್ತಿಯ ಮೋಟರು ಇಳಿಸಿದರೂ ತೋಟಕ್ಕೆ ಬರುವುದು ಒಂದಿಂಚು ನೀರೇ. ಗಣಕದಲ್ಲಿಯೂ ಹಾಗೆಯೇ. ಪ್ರೊಸೆಸರ್ ಮೋಟರಿನಂತೆ, ಅದಕ್ಕೆ ಅಂಕಿಗಳನ್ನು ಒದಗಿಸುವ ಶಾಶ್ವತ ಸಂಗ್ರಹ, ಅಂದರೆ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ, ಬಾವಿಯಂತೆ, ಇವೆರಡರ ನಡುವಣ ತೊಟ್ಟಿಯೇ ರ್‍ಯಾಮ್ ಎಂಬ ತಾತ್ಕಾಲಿಕ ಸ್ಮೃತಿ. ತೊಟ್ಟಿ ಚಿಕ್ಕದಾದರೆ ಮೋಟರು ಪದೇಪದೇ ನಿಂತು ಬಾವಿಯತ್ತ ನೋಡಬೇಕಾಗುತ್ತದೆ. ಎಲ್ಲಕ್ಕಿಂತ ನಿಧಾನವಾದ ಅಂಗವೇ ಇಡೀ ಯಂತ್ರದ ವೇಗವನ್ನು ನಿರ್ಣಯಿಸುತ್ತದೆ.

ಇದನ್ನು ಲೆಕ್ಕದಿಂದಲೇ ನೋಡಬಹುದು. ಹಳೆಯ ಲ್ಯಾಪ್‌ಟಾಪುಗಳ ಹಾರ್ಡ್ ಡಿಸ್ಕಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ ೫೪೦೦ ಸುತ್ತು, ಎಂದರೆ ಸೆಕೆಂಡಿಗೆ ೯೦ ಸುತ್ತು ತಿರುಗುತ್ತದೆ. ಬೇಕಾದ ಅಂಕಿ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಸುಮಾರು ೫.೫ ಮಿಲಿಸೆಕೆಂಡು ಕಾಯಬೇಕು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯಲ್ಲಿ ಈ ಕಾಯುವಿಕೆ ಮಿಲಿಸೆಕೆಂಡಿನ ಹತ್ತರಲ್ಲೊಂದು ಭಾಗಕ್ಕೂ ಕಡಿಮೆ. ಅಷ್ಟರಲ್ಲಿ ೩ ಗಿಗಾಹರ್ಟ್ಸ್ ವೇಗದ ಪ್ರೊಸೆಸರ್ ಏನು ಮಾಡುತ್ತಿರುತ್ತದೆ? ಅದರ ಒಂದು ಮಿಡಿತದ ಅವಧಿಯಲ್ಲಿ ಬೆಳಕು ಕೂಡ ೧೦ ಸೆಂಟಿಮೀಟರ್ ಮಾತ್ರ ಸಾಗುತ್ತದೆ. ಹಾರ್ಡ್ ಡಿಸ್ಕಿನ ಅರ್ಧ ಸುತ್ತಿನಲ್ಲಿ ಅಂತಹ ಒಂದೂವರೆ ಕೋಟಿಗೂ ಹೆಚ್ಚು ಮಿಡಿತಗಳು ಕಳೆದುಹೋಗುತ್ತವೆ! ಆದುದರಿಂದ ಎಸ್‌ಎಸ್‌ಡಿ ಇಲ್ಲದ ಯಂತ್ರವನ್ನು ಯಾವ ಬೆಲೆಗೂ ಕೊಳ್ಳಬೇಡಿರಿ. ರ್‍ಯಾಮ್ ೮ ಗಿಗಾಬೈಟಿಗೆ ಕಡಿಮೆಯಿರಬಾರದು; ೧೬ ಇದ್ದರೆ ನಾಲ್ಕು ವರ್ಷ ನಿಶ್ಚಿಂತೆ. ಇವೆರಡೂ ಸರಿಯಿದ್ದರೆ ಪ್ರೊಸೆಸರ್ ಮಧ್ಯಮ ವರ್ಗದ್ದಾದರೂ ಚಿಂತೆಯಿಲ್ಲ.

೮ ಗಿಗಾಬೈಟ್ ಎಂದರೆ ಕಡಿಮೆಯಾಯಿತೆಂದು ತೋರುವವರು ಒಂದು ಹಳೆಯ ಸಂಗತಿಯನ್ನು ನೆನೆಯಬಹುದು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ೧೯೬೦ರಲ್ಲಿ ಕಾರ್ಯಾರಂಭ ಮಾಡಿದ ಟಿಫ್ರ್ಯಾಕ್ ನಮ್ಮ ದೇಶದಲ್ಲಿಯೇ ರಚಿತವಾದ ಗಣಕ. ಅದರ ಸ್ಮೃತಿಯಲ್ಲಿ ೨೦೪೮ ಪದಗಳು, ಪದವೊಂದಕ್ಕೆ ೪೦ ಬಿಟ್‌ಗಳು; ಒಟ್ಟು ಇಂದಿನ ಲೆಕ್ಕದಲ್ಲಿ ೧೦ ಕಿಲೋಬೈಟ್. ವಿಜ್ಞಾನಿಗಳು ಅದರಿಂದಲೇ ತಮ್ಮ ಸಂಶೋಧನೆಯ ಲೆಕ್ಕಗಳನ್ನು ಮಾಡಿಸಿಕೊಂಡರು. ಇಂದಿನ ೮ ಗಿಗಾಬೈಟ್ ಅದರ ಎಂಟು ಲಕ್ಷ ಪಟ್ಟಿಗೂ ಹೆಚ್ಚು. ಯಂತ್ರ ದುರ್ಬಲವಾದುದರಿಂದ ಕಲಿಯಲಾಗಲಿಲ್ಲವೆಂಬ ಮಾತಿಗೆ ಇಂದು ಆಸ್ಪದ ಬಹಳ ಕಡಿಮೆ.

ಶಾಶ್ವತ ಸಂಗ್ರಹದ ಪರಿಮಾಣದ ವಿಚಾರದಲ್ಲಿಯೂ ಸಂಖ್ಯೆಯ ಮೋಹ ಬೇಡ. ಹೊಸದುರ್ಗ ತಾಲ್ಲೂಕನ್ನು ಹಾದುಬರುವ ವೇದಾವತಿಗೆ ಅಡ್ಡಲಾಗಿ ೧೮೯೮ರಿಂದ ೧೯೦೭ರವರೆಗೆ ಕಟ್ಟಿದ ವಾಣಿವಿಲಾಸ ಸಾಗರದಲ್ಲಿ ೩೦ ಟಿ.ಎಂ.ಸಿ. ನೀರು ನಿಲ್ಲಬಹುದು. ಆದರೂ ೧೯೩೩ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದುದು ೨೦೨೨ರಲ್ಲಿ. ನಡುವೆ ೮೯ ವರ್ಷಗಳು. ಪಾತ್ರೆಯ ಅಳತೆ ಒಂದು, ಒಳಹರಿವಿನ ಅಳತೆ ಇನ್ನೊಂದು. ವಿದ್ಯಾರ್ಥಿಯ ಒಳಹರಿವು ಎಷ್ಟು? ಯೂನಿಕೋಡಿನ ಬಹು ಬಳಕೆಯ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ೩ ಬೈಟ್ ಸ್ಥಳ ಬೇಕು. 'ಕ್ಷ' ಎಂಬಲ್ಲಿ ಕಕಾರ, ವಿರಾಮಚಿಹ್ನೆ, ಷಕಾರ ಎಂದು ಮೂರು ಸಂಕೇತಗಳಿರುವುದರಿಂದ ೯ ಬೈಟ್. ಪುಟಕ್ಕೆ ೫ ಕಿಲೋಬೈಟ್ ಎಂದು ಹಿಡಿದರೂ ೩೦೦ ಪುಟಗಳ ಪುಸ್ತಕದ ಪಠ್ಯಕ್ಕೆ ಒಂದೂವರೆ ಮೆಗಾಬೈಟ್. ೨೫೬ ಗಿಗಾಬೈಟಿನ ಸಂಗ್ರಹದಲ್ಲಿ, ಯಂತ್ರದ ಸ್ವಂತ ಬಳಕೆ ಕಳೆದು ೨೦೦ ಉಳಿದರೆ, ಒಂದು ಲಕ್ಷಕ್ಕೂ ಹೆಚ್ಚು ಪುಸ್ತಕಗಳ ಪಠ್ಯ ಹಿಡಿಯುತ್ತದೆ. ಆದರೆ ೨ ಗಿಗಾಬೈಟಿನ ಒಂದೇ ಒಂದು ಸಿನಿಮಾ ಅಂತಹ ಸಾವಿರಕ್ಕೂ ಮಿಕ್ಕ ಪುಸ್ತಕಗಳ ಜಾಗವನ್ನು ತಿನ್ನುತ್ತದೆ. ಒಂದು ಟೆರಾಬೈಟ್ ಬೇಕೆಂದು ಹಠ ಹಿಡಿಯುವವರು ಅದು ಯಾವುದಕ್ಕೆ ಬೇಕೆಂಬುದನ್ನು ತಂದೆಯವರಿಗೆ ಹೇಳುವ ಮೊದಲು ತಮಗೇ ಹೇಳಿಕೊಳ್ಳುವುದು ಒಳ್ಳೆಯದು.

ಚೀಟಿಯಲ್ಲಿ ಬರೆದ ವೇಗ ಎಲ್ಲ ಕಾಲಕ್ಕೂ ದೊರೆಯುವುದೆಂದೂ ತಿಳಿಯಬಾರದು. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗಗಳ ಗುಡ್ಡಸಾಲುಗಳಲ್ಲಿ ತಿರುಗುವ ಗಾಳಿಯಂತ್ರಗಳನ್ನು ಎಲ್ಲರೂ ನೋಡಿದ್ದೇವೆ. ಅವುಗಳ ಘೋಷಿತ ಸಾಮರ್ಥ್ಯ ದೊರೆಯುವುದು ಬಿರುಗಾಳಿಗೆ ಸಮೀಪವಾದ ಬೀಸಿನಲ್ಲಿ. ಶಕ್ತಿಯು ಗಾಳಿಯ ವೇಗದ ಘನಕ್ಕೆ ಅನುಗುಣವಾಗಿರುವುದರಿಂದ, ವೇಗ ಅರ್ಧವಾದರೆ ಗಾಳಿಯಲ್ಲಿರುವ ಶಕ್ತಿ ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಪ್ರೊಸೆಸರಿನ ಪರಮಾವಧಿ ವೇಗವೂ ಹೀಗೆಯೇ ಕೆಲವು ಕ್ಷಣಗಳ ಮಾತು. ಅದರ ಮಿತಿ ಉಷ್ಣ. ಒಳಗಿನ ಉಷ್ಣಮಾನ ಸುಮಾರು ೯೫ ಡಿಗ್ರಿ ಮುಟ್ಟಿದರೆ ಪ್ರೊಸೆಸರ್ ತನ್ನನ್ನು ರಕ್ಷಿಸಿಕೊಳ್ಳಲು ತಾನಾಗಿ ವೇಗ ತಗ್ಗಿಸುತ್ತದೆ. ಹೊರಹೋಗುವ ಉಷ್ಣವಾದರೋ ಒಳಗಿನ ಮತ್ತು ಹೊರಗಿನ ಉಷ್ಣಮಾನಗಳ ಅಂತರವನ್ನು ಅವಲಂಬಿಸಿದೆ. ೨೫ ಡಿಗ್ರಿಯ ತಂಪು ಮಳಿಗೆಯಲ್ಲಿ ಈ ಅಂತರ ೭೦. ಏಪ್ರಿಲ್ ತಿಂಗಳ ಮಧ್ಯಾಹ್ನ ೩೮ ಡಿಗ್ರಿ ಕಾಯುವ ನಮ್ಮ ಮನೆಗಳಲ್ಲಿ ೫೭. ಹೊರಹೋಗುವ ಉಷ್ಣ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ತಗ್ಗಿತು. ನೂರು ವಾಟಿಗೂ ಹೆಚ್ಚು ವಿದ್ಯುತ್ತನ್ನು ಎಳೆಯುವ ಆಟದ ಲ್ಯಾಪ್‌ಟಾಪುಗಳು ಮಳಿಗೆಯಲ್ಲಿ ತೋರಿದ ಚುರುಕನ್ನು ಬೇಸಗೆಯಲ್ಲಿ ಮನೆಯೊಳಗೆ ತೋರದಿರುವುದಕ್ಕೆ ಇದೂ ಒಂದು ಕಾರಣ. ಹದಿನೈದು ವಾಟಿನ ಆಸುಪಾಸಿನ ಸಾಧಾರಣ ಪ್ರೊಸೆಸರಿಗೆ ಈ ಕಷ್ಟ ಅಷ್ಟಾಗಿಲ್ಲ.

ವಿದ್ಯುತ್ತು ಹೋಗಿ ಬರುವ ಊರುಗಳಲ್ಲಿ ಇದೇ ಲೆಕ್ಕ ಬ್ಯಾಟರಿಗೂ ಅನ್ವಯಿಸುತ್ತದೆ. ೫೦ ವಾಟ್-ಗಂಟೆಯ ಬ್ಯಾಟರಿ, ೧೦ ವಾಟ್ ಬಳಸುವ ಯಂತ್ರವನ್ನು ಐದು ಗಂಟೆ ನಡೆಸುತ್ತದೆ. ೨೫ ವಾಟ್ ಬಳಸುವ ಯಂತ್ರವನ್ನು ಎರಡೇ ಗಂಟೆ. ಕೊಳ್ಳುವಾಗ "ಎಷ್ಟು ಹೊತ್ತು ಬರುತ್ತದೆ?" ಎಂದು ಕೇಳುವುದರ ಬದಲು ವಾಟ್-ಗಂಟೆ ಎಷ್ಟೆಂದು ಕೇಳಿ ನೀವೇ ಭಾಗಿಸಿಕೊಳ್ಳಿರಿ. ೧೯೯೧ರಲ್ಲಿ ಮಾರುಕಟ್ಟೆಗೆ ಬಂದು, ತನ್ನ ನಿರ್ಮಾತೃಗಳಿಗೆ ೨೦೧೯ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ತಂದುಕೊಟ್ಟ ಲಿಥಿಯಂ-ಅಯಾನ್ ಬ್ಯಾಟರಿಗೂ ಆಯುಸ್ಸಿಗೆ ಮಿತಿಯುಂಟು. ಮುನ್ನೂರರಿಂದ ಐನೂರು ಬಾರಿ ಪೂರ್ತಿ ತುಂಬಿ ಬರಿದಾದ ಮೇಲೆ ಅದರ ಧಾರಣಶಕ್ತಿ ಸಾಮಾನ್ಯವಾಗಿ ಶೇಕಡ ೮೦ರ ಸುಮಾರಿಗೆ ಇಳಿಯುತ್ತದೆ. ಬಿಸಿಯಲ್ಲಿ ಇನ್ನೂ ಬೇಗ. ಪದವಿ ಮುಗಿಯುವುದರೊಳಗೆ ಬ್ಯಾಟರಿ ಬದಲಾಯಿಸಬೇಕಾದೀತೆಂದು ಎಣಿಸಿಕೊಂಡೇ ಕೊಳ್ಳಬೇಕು.

ಪರದೆಯ ವಿಷಯದಲ್ಲಿ ಮಾತ್ರ ಕೃಪಣತೆ ಸಲ್ಲದು. ನಾಲ್ಕು ವರ್ಷ ಕಣ್ಣು ದುಡಿಯುವುದು ಅದರ ಮೇಲೆಯೇ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತರಲ್ಲೊಂದು ಭಾಗದಷ್ಟು ಕೋನವನ್ನು ಗುರುತಿಸಬಲ್ಲದು. ೫೦ ಸೆಂಟಿಮೀಟರ್ ದೂರದಲ್ಲಿ ಇದು ಸುಮಾರು ೦.೧೫ ಮಿಲಿಮೀಟರ್. ಅಗಲಕ್ಕೆ ೧೯೨೦, ಎತ್ತರಕ್ಕೆ ೧೦೮೦ ಚುಕ್ಕೆಗಳಿರುವ ೧೪ ಇಂಚಿನ ಪರದೆಯಲ್ಲಿ ಚುಕ್ಕೆಯ ಅಳತೆ ೦.೧೬ ಮಿಲಿಮೀಟರ್, ಅಂದರೆ ಕಣ್ಣಿನ ಮಿತಿಗೆ ಬಹು ಸಮೀಪ. ಅಗ್ಗದ ೧೫.೬ ಇಂಚಿನ ಪರದೆಗಳಲ್ಲಿ ೧೩೬೬ಕ್ಕೆ ೭೬೮ ಚುಕ್ಕೆಗಳಿದ್ದು ಅಳತೆ ೦.೨೫ಕ್ಕೆ ಏರುತ್ತದೆ. ಇಂಗ್ಲಿಷ್ ಅಕ್ಷರ ಅದರಲ್ಲಿಯೂ ಹೇಗೋ ಓದಿಸಿಕೊಂಡೀತು. ಒತ್ತಕ್ಷರಗಳನ್ನು ಕೆಳಗೆ ಹೊತ್ತ ನಮ್ಮ ಕನ್ನಡ ಅಕ್ಷರ ಕಲಸಿಹೋಗುತ್ತದೆ. ಇನ್ನೊಂದು ಕಡೆ, ಇದರ ನಾಲ್ಕು ಪಟ್ಟು ಚುಕ್ಕೆಗಳಿರುವ ದುಬಾರಿ ಪರದೆಯ ಹೆಚ್ಚಳವನ್ನು ಆ ದೂರದಿಂದ ಕಣ್ಣು ಹೆಚ್ಚಾಗಿ ಕಾಣಲಾರದು. ಬ್ಯಾಟರಿಯೇನೋ ಅದನ್ನು ಕಾಣುತ್ತದೆ.

ಇವೆಲ್ಲದರಿಂದ ಒಂದು ಸೂತ್ರವನ್ನು ತೆಗೆಯಬಹುದು: ಮುಂದೆ ಬದಲಾಯಿಸಲಾಗದ ಅಂಗಕ್ಕೆ ಇಂದು ಹಣ ಕೊಡಿರಿ, ಬದಲಾಯಿಸಬಹುದಾದುದಕ್ಕೆ ಅಗತ್ಯ ಬಿದ್ದಾಗ ಕೊಡಿರಿ. ಪರದೆ, ಕೀಲಿಮಣೆ, ಮೈಕಟ್ಟು ಬದಲಾಗುವಂತಹವಲ್ಲ. ತೆಳುವಾದ ಅನೇಕ ಯಂತ್ರಗಳಲ್ಲಿ ರ್‍ಯಾಮನ್ನು ಫಲಕಕ್ಕೆ ಬೆಸೆದಿರುತ್ತಾರೆ. ಅಂತಹವುಗಳಲ್ಲಿ ಮೊದಲೇ ೧೬ ಗಿಗಾಬೈಟ್ ಆರಿಸಬೇಕು. ಎಸ್‌ಎಸ್‌ಡಿ, ಬ್ಯಾಟರಿಗಳನ್ನು ಬಹುಪಾಲು ಯಂತ್ರಗಳಲ್ಲಿ ಆಮೇಲೆ ಬದಲಾಯಿಸಬಹುದು. ದುರಸ್ತಿಯ ಕೇಂದ್ರ ಎಲ್ಲಿದೆಯೆಂಬುದನ್ನೂ ವಿಚಾರಿಸಿಕೊಳ್ಳಿರಿ. ಒಂದು ಸಣ್ಣ ದೋಷಕ್ಕಾಗಿ ಬಸ್ಸಿನಲ್ಲಿ ದೂರದ ನಗರಕ್ಕೆ ಎರಡು ಮೂರು ಬಾರಿ ಅಲೆದರೆ, ಅಗ್ಗವಾಗಿ ಕೊಂಡುದರ ಲಾಭ ದಾರಿಯಲ್ಲಿಯೇ ಕರಗುತ್ತದೆ. ಮನೆಗೇ ಬಂದು ಸರಿಪಡಿಸುವ ಭರವಸೆ ಹಳ್ಳಿಯವರಿಗೆ ನಗರದವರಿಗಿಂತ ಹೆಚ್ಚು ಬೆಲೆಯುಳ್ಳದ್ದು.

ಬಳಸಿದ ಯಂತ್ರವನ್ನು ಕೊಳ್ಳಬಾರದೆ? ಧಾರಾಳವಾಗಿ ಕೊಳ್ಳಬಹುದು, ಆದರೆ ಪರೀಕ್ಷಿಸಿ. ವಿಂಡೋಸ್ ೧೦ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ರಂದು ಕೊನೆಗೊಂಡಿತು. ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಳೆಯ ಪ್ರೊಸೆಸರುಗಳು ಸಾಮಾನ್ಯವಾಗಿ ವಿಂಡೋಸ್ ೧೧ಕ್ಕೆ ಅರ್ಹವಲ್ಲ. ಬಿ.ಎಸ್‌ಸಿ. ವಿದ್ಯಾರ್ಥಿಯಾದರೆ ಅಂತಹ ಯಂತ್ರದಲ್ಲಿ ಉಚಿತವಾದ ಲಿನಕ್ಸ್ ಹಾಕಿಕೊಂಡು ಪೈಥಾನ್, ಲಿಬ್ರೆ ಆಫೀಸ್, ಕನ್ನಡ ಬರವಣಿಗೆ ಎಲ್ಲವನ್ನೂ ನಡೆಸಬಹುದು. ಟ್ಯಾಲಿಯನ್ನೋ ವಿಂಡೋಸಿಗೆಂದೇ ರಚಿತವಾದ ಬೇರೆ ತಂತ್ರಾಂಶವನ್ನೋ ಕಲಿಯಬೇಕಾದವರಿಗೆ ಆ ದಾರಿ ಒಗ್ಗದು. ಇಲ್ಲಿಯೂ ಕೆಲಸವೇ ಯಂತ್ರವನ್ನು ನಿರ್ಣಯಿಸುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. "ಹೇಗೂ ಕೊಳ್ಳುವುದು ಒಂದೇ ಸಲ, ಸಾಲವಾದರೂ ಸರಿ, ದೊಡ್ಡದನ್ನೇ ಕೊಳ್ಳೋಣ, ಬಹುಕಾಲ ಬಾಳುತ್ತದೆ" ಎಂಬ ವಾದ ಮೇಲ್ನೋಟಕ್ಕೆ ವಿವೇಕದಂತೆ ತೋರುತ್ತದೆ. ಹೊಲವನ್ನೋ ಒಡವೆಯನ್ನೋ ಕುರಿತು ಹೀಗೆ ಹೇಳಿದರೆ ಒಪ್ಪಬಹುದು. ಗಣಕವಾದರೋ ಕೊಂಡ ದಿನದಿಂದಲೇ ಬೆಲೆ ಕಳೆದುಕೊಳ್ಳುವ ವಸ್ತು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ ೪೦ ಸಾವಿರ ರೂಪಾಯಿ ಕೈಸಾಲ ತಂದರೆ ತಿಂಗಳಿಗೆ ೮೦೦ ರೂಪಾಯಿ. ಎರಡು ವರ್ಷಕ್ಕೆ ೧೯,೨೦೦ ರೂಪಾಯಿ ಬರೀ ಬಡ್ಡಿ. ಅಸಲು ಹಾಗೆಯೇ ನಿಂತಿರುತ್ತದೆ; ಯಂತ್ರದ ಬೆಲೆಯಾದರೋ ಅಷ್ಟರಲ್ಲಿ ಬಹುಮಟ್ಟಿಗೆ ಇಳಿದಿರುತ್ತದೆ. ಮಗನಿಗೆ ೮೦ ಸಾವಿರದ ಆಟದ ಯಂತ್ರ ಕೊಡಿಸಿ, ಎರಡು ವರ್ಷ ಚಿಕ್ಕವಳಾದ ಮಗಳ ಸರದಿ ಬಂದಾಗ "ಮೊಬೈಲಿದೆಯಲ್ಲ, ಸಾಕು" ಎನ್ನುವ ಮನೆಗಳು ಇಲ್ಲದಿಲ್ಲ. ಅದೇ ಹಣದಲ್ಲಿ ಇಬ್ಬರಿಗೂ ತಕ್ಕ ಯಂತ್ರ ದೊರೆಯುತ್ತಿತ್ತು. ತಪ್ಪಾಗಿ ಆರಿಸಿದ ಯಂತ್ರದ ಬೆಲೆಯನ್ನು ಕೆಲವು ವೇಳೆ ತಂಗಿಯ ವಿದ್ಯಾಭ್ಯಾಸ ತೆರುತ್ತದೆ. ತರುಣ ವಾಚಕರು ಹಟ ಹಿಡಿಯುವ ಮೊದಲು ಇದನ್ನು ಯೋಚಿಸಬೇಕು.

ಕೈಯಲ್ಲಿ ಹಣವಿಲ್ಲದವರು ಮೊದಲ ಸೆಮಿಸ್ಟರ್ ಕಾಯುವುದರಲ್ಲಿ ನಷ್ಟವೇನೂ ಇಲ್ಲ. ಅಷ್ಟರಲ್ಲಿ ತಮ್ಮ ಪಠ್ಯಕ್ರಮಕ್ಕೆ ಯಾವ ತಂತ್ರಾಂಶ ಬೇಕೆಂಬುದು ಊಹೆಯಿಂದಲ್ಲದೆ ಅನುಭವದಿಂದ ತಿಳಿಯುತ್ತದೆ. ಈ ಅವಧಿಯಲ್ಲಿ ಕಾಲೇಜುಗಳ ಹೊಣೆಯೂ ಇದೆ. ಗಣಕ ಪ್ರಯೋಗಶಾಲೆಗಳನ್ನು ಪಾಠದ ವೇಳೆ ಮುಗಿದೊಡನೆ ಬೀಗ ಹಾಕಿಡದೆ, ಗ್ರಂಥಾಲಯದಂತೆ ಸಂಜೆಯವರೆಗೂ ತೆರೆದಿಡಬೇಕು. ಪ್ರವೇಶದ ಸಮಯದಲ್ಲಿಯೇ ಆಯಾ ವಿಭಾಗದವರು ತಮ್ಮ ವಿದ್ಯಾರ್ಥಿಗಳಿಗೆ ಬೇಕಾಗುವ ಕನಿಷ್ಠ ಯಂತ್ರದ ವಿವರವನ್ನು ಒಂದು ಹಾಳೆಯಲ್ಲಿ ಅಚ್ಚುಮಾಡಿಸಿ ಸೂಚನಾ ಫಲಕದಲ್ಲಿ ಅಂಟಿಸಿದರೆ, ನೂರಾರು ಸಂಸಾರಗಳ ಹಣ ಉಳಿದೀತು. ಇದಕ್ಕೆ ಯಾವ ಅನುದಾನವೂ ಬೇಕಿಲ್ಲ.

ಕೊಳ್ಳಹೊರಟ ವಿದ್ಯಾರ್ಥಿಯು ಮನೆಯಿಂದ ಹೊರಡುವ ಮೊದಲು ಒಂದು ಚೀಟಿಯಲ್ಲಿ ಮೂರು ಸಂಗತಿಗಳನ್ನು ಬರೆದುಕೊಳ್ಳಲಿ: ಈ ಯಂತ್ರದಿಂದ ವಾರಕ್ಕೆ ಎಷ್ಟು ಗಂಟೆ ಯಾವ ಕೆಲಸ ಮಾಡಬೇಕಾಗಿದೆ, ಆ ಕೆಲಸಕ್ಕೆ ಬೇಕಾದ ತಂತ್ರಾಂಶ ಕೇಳುವ ಕನಿಷ್ಠ ಸಾಮರ್ಥ್ಯವೇನು, ಸಾಲವಿಲ್ಲದೆ ಮನೆಯವರು ಕೊಡಬಲ್ಲ ಹಣವೆಷ್ಟು. ಮೊದಲ ಎರಡನ್ನು ಬರೆಯಲಾಗದವರು ಅಂಗಡಿಗೆ ಹೋಗುವ ಕಾಲ ಇನ್ನೂ ಬಂದಿಲ್ಲ. ಬರೆಯಬಲ್ಲವರು ಚೀಟಿಯನ್ನು ಕೈಯಲ್ಲಿ ಹಿಡಿದು ಹೋಗಲಿ. ಅದರಲ್ಲಿಲ್ಲದ ಗುಣವನ್ನು ಯಾರು ಎಷ್ಟು ಹೊಗಳಿದರೂ ಅದಕ್ಕಾಗಿ ಒಂದು ರೂಪಾಯಿಯನ್ನೂ ಹೆಚ್ಚು ಕೊಡದಿರಲಿ. ಅಳೆದು ನೋಡಿ ನಿರ್ಣಯಿಸುವುದನ್ನೇ ವಿಜ್ಞಾನವು ನಮಗೆ ತರಗತಿಯಲ್ಲಿ ಕಲಿಸುತ್ತಿರುವುದು. ಅದನ್ನು ಮೊತ್ತಮೊದಲು ಬಳಸಿ ನೋಡಲು ಈ ಖರೀದಿಗಿಂತ ಒಳ್ಳೆಯ ಸಂದರ್ಭ ವಿದ್ಯಾರ್ಥಿಗೆ ಬೇರೆ ಸಿಕ್ಕಲಾರದು.